ಇಳಿವಯಸ್ಸಿನ ತುತ್ತು, ಇಳಿವಯಸ್ಸಿನ ಉಸಿರು

ಮೆಕ್ಸಿಕೋ ಸಿಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ, ಬೆಟ್ಟಗಳು ಸುತ್ತುವರಿದ ಬಾಣಲೆಯಂಥ ತಗ್ಗಿನಲ್ಲಿದೆ. ವಾಹನಗಳ ಹೊಗೆ ಬೆಟ್ಟದ ಅಂಚು ದಾಟಲಾರದೆ ಊರಿನ ಮೇಲೆಯೇ ಸುಳಿಯುತ್ತದೆ. ಆ ನಗರದ ಒಂದು ವೃದ್ಧಾಶ್ರಮದಲ್ಲಿ ಅರವತ್ತು ದಾಟಿದ ಹಿರಿಯರು ಎಂದಿನ ಊಟದ ಜೊತೆಗೆ ದಿನವೂ ಎಣ್ಣೆ ತುಂಬಿದ ಗುಳಿಗೆ ನುಂಗಿ, ದಿನ ಬಿಟ್ಟು ದಿನ ಎದೆಗೆ ತಂತಿ ಅಂಟಿಸಿಕೊಂಡು ಕೆಲವು ನಿಮಿಷ ಸುಮ್ಮನೆ ಮಲಗುತ್ತಿದ್ದರು. ಕೆಲವರ ಗುಳಿಗೆಯಲ್ಲಿ ಮೀನೆಣ್ಣೆ, ಉಳಿದವರದರಲ್ಲಿ ಸೋಯಾ ಎಣ್ಣೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗಿತ್ತು. ಅದೇ ಕಟ್ಟಡದೊಳಗಿನ ಗಾಳಿಯಲ್ಲಿ ಎಷ್ಟು ಸೂಕ್ಷ್ಮ ಕಣಗಳಿವೆ ಎಂದು ಯಂತ್ರವೊಂದು ಅಳೆಯುತ್ತಿತ್ತು. ಕೆಟ್ಟ ಗಾಳಿ ಹೃದಯಕ್ಕೆ ಕೊಡುವ ಪೆಟ್ಟನ್ನು ಮೀನೆಣ್ಣೆ ತಗ್ಗಿಸುತ್ತದೆಯೇ ಎಂದು ನೋಡಿದ, ಸಂಶೋಧಕರಾದ ಇಸಬೆಲ್ ರೋಮ್ಯೂ, ಫರ್ನಾಂಡೋ ಓಲ್ಗಿನ್ ಮತ್ತು ಸಂಗಡಿಗರ ಈ ಅಧ್ಯಯನ 2005ರಲ್ಲಿ ಪ್ರಕಟವಾಯಿತು.

ಅವರು ಅಳೆಯುತ್ತಿದ್ದುದು ಎದೆಬಡಿತದ ವೇಗವನ್ನಲ್ಲ, ಅದರ ಏರಿಳಿತವನ್ನು. ಆರೋಗ್ಯವಂತ ಹೃದಯ ಗಡಿಯಾರದಂತೆ ಒಂದೇ ಸಮನೆ ಬಡಿಯುವುದಿಲ್ಲ. ಉಸಿರೆಳೆದಾಗ ತುಸು ಬೇಗ, ಬಿಟ್ಟಾಗ ತುಸು ನಿಧಾನ. ಮಿದುಳಿನಿಂದ ಇಳಿದು ಬರುವ ವೇಗಸ್ ನರ ಹೃದಯದ ಕಡಿವಾಣವನ್ನು ಹೀಗೆ ಬಿಗಿಯುತ್ತಲೂ ಸಡಿಲಿಸುತ್ತಲೂ ಇರುತ್ತದೆ. ಈ ಏರಿಳಿತ ಕುಗ್ಗಿ ಬಡಿತ ಯಾಂತ್ರಿಕವಾಯಿತೆಂದರೆ ಹೃದಯ ತನ್ನ ನಮ್ಯತೆಯನ್ನು ಕಳೆದುಕೊಳ್ಳುತ್ತಿದೆ ಎಂದರ್ಥ. ಹೃದಯಾಘಾತವಾದವರಲ್ಲಿ, ವಯಸ್ಸಾದವರಲ್ಲಿ ಇದು ಒಳ್ಳೆಯ ಸೂಚನೆಯಲ್ಲ.

ಗುಳಿಗೆ ಶುರುವಾಗುವ ಮುಂಚೆ, ಮೀನೆಣ್ಣೆ ಪಡೆಯಬೇಕಿದ್ದ ಗುಂಪಿನಲ್ಲಿ, ಗಾಳಿಯ ಕಣಗಳು ಘನ ಮೀಟರಿಗೆ 8 ಮೈಕ್ರೋಗ್ರಾಂನಷ್ಟು ಏರಿದಾಗ ವೇಗಸ್ ನರದ ಹಿಡಿತವನ್ನು ತೋರುವ ಏರಿಳಿತ ಶೇ. 54ರಷ್ಟು ಕುಸಿಯುತ್ತಿತ್ತು. ದಿನಕ್ಕೆ 2 ಗ್ರಾಂ ಮೀನೆಣ್ಣೆ ಸೇವಿಸತೊಡಗಿದ ಮೇಲೆ, ಅಷ್ಟೇ ಹೊಗೆಗೆ ಆದ ಕುಸಿತ ಶೇ. 7 ಮಾತ್ರ. ಗಾಳಿ ಬದಲಾಗಲಿಲ್ಲ, ಆಶ್ರಮ ಬದಲಾಗಲಿಲ್ಲ. ತಿಂದದ್ದಕ್ಕೆ ಎರಡು ಗ್ರಾಂ ಎಣ್ಣೆ ಸೇರಿತು, ಅಷ್ಟೆ.

ಚಿಕ್ಕ ಅಧ್ಯಯನವಿದು, ಭಾಗವಹಿಸಿದವರು ಕೆಲವೇ ಮಂದಿ. ಆದರೂ ಇದನ್ನು ಮೊದಲ ಬಾರಿ ಓದಿದಾಗ ನನಗೆ ನಮ್ಮ ಆಸ್ಪತ್ರೆಗಳ ನೆನಪಾಯಿತು. ಶ್ವಾಸಕೋಶದ ವೈದ್ಯರು ಹೊಗೆಯ ಬಗ್ಗೆ ಕೇಳುತ್ತಾರೆ, ಪಥ್ಯ ಹೇಳುವವರು ಊಟದ ಬಗ್ಗೆ ಕೇಳುತ್ತಾರೆ. ಇವೆರಡು ಪ್ರಶ್ನೆಗಳು ಒಂದೇ ಕೋಣೆಯಲ್ಲಿ ಎದುರಾಗುವುದೇ ಅಪರೂಪ. ಮುದಿ ದೇಹದೊಳಗೆ ಮಾತ್ರ ಅವು ದಿನವೂ ಎದುರಾಗುತ್ತವೆ.

ಎದುರಾಗುವ ಜಾಗ ಯಾವುದು ಎಂಬುದು ಸಾಕಷ್ಟು ತಿಳಿದಿದೆ. ಪಿಎಂ 2.5 ಎಂದು ಕರೆಯುವ ಕಣಗಳ ಅಡ್ಡಳತೆ 2.5 ಮೈಕ್ರೋಮೀಟರ್ ಅಥವಾ ಅದಕ್ಕಿಂತ ಕಡಿಮೆ. ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಭಾಗ ಎಂದುಕೊಳ್ಳಬಹುದು. ಮೂಗಿನ ರೋಮಕ್ಕೂ ಗಂಟಲಿನ ಲೋಳೆಗೂ ಸಿಗದೆ ಇವು ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಹೋಗುತ್ತವೆ. ಅಲ್ಲಿ ತೆಳುವಾದ ಒಂದು ದ್ರವದ ಪದರವಿದೆ. ವಿಟಮಿನ್ ಸಿ, ವಿಟಮಿನ್ ಇ, ಯೂರಿಕ್ ಆಮ್ಲ, ಗ್ಲುಟಥಯೋನ್ ಮುಂತಾದ ಉತ್ಕರ್ಷಣ ನಿರೋಧಕಗಳು (ಆಂಟಿ-ಆಕ್ಸಿಡೆಂಟ್‌ಗಳು) ಅದರಲ್ಲಿ ಕರಗಿರುತ್ತವೆ. ಕಣಗಳ ಮೈಗಂಟಿಕೊಂಡ ಲೋಹಗಳೂ ಹೊಗೆಯ ರಾಸಾಯನಿಕಗಳೂ ಜೀವಕೋಶವನ್ನು ಮುಟ್ಟುವ ಮೊದಲು ಈ ಪದರ ತನ್ನನ್ನೇ ಸವೆಸಿಕೊಂಡು ಅವನ್ನು ತಡೆಯುತ್ತದೆ. ಸವೆದದ್ದನ್ನು ಮತ್ತೆ ತುಂಬಬೇಕಾದದ್ದು ಊಟ. ವಿಟಮಿನ್ ಸಿ ಅನ್ನು ಮನುಷ್ಯನ ದೇಹ ತಾನಾಗಿ ತಯಾರಿಸಲಾರದು. ಗ್ಲುಟಥಯೋನ್ ಅನ್ನು ಪ್ರೊಟೀನಿನ ತುಣುಕುಗಳಿಂದ ತಯಾರಿಸುತ್ತದೆ, ಆದರೆ ವಯಸ್ಸಾದಂತೆ ಆ ತಯಾರಿಕೆ ಇಳಿಯುತ್ತದೆ. ತಡೆ ಸೋತಲ್ಲಿ ಉರಿಯೂತ ಹುಟ್ಟಿ ರಕ್ತಕ್ಕೆ ಹರಡುತ್ತದೆ. ಕೆಟ್ಟ ಗಾಳಿ ಕೆಮ್ಮಿನಷ್ಟಕ್ಕೇ ನಿಲ್ಲದೆ ಹೃದಯಾಘಾತ, ಪಾರ್ಶ್ವವಾಯುಗಳ ಮೂಲಕ ಜೀವ ತೆಗೆಯುವುದು ಹೀಗೆ.

ಅಮೆರಿಕದ ಬಾಸ್ಟನ್ನಿನಲ್ಲಿ 1963ರಲ್ಲಿ ಶುರುವಾಗಿ ದಶಕಗಳ ಕಾಲ ನಡೆದ ಮಾಜಿ ಸೈನಿಕರ ಅಧ್ಯಯನವೊಂದಿದೆ. ಆ ಮುದುಕರ ಎದೆಬಡಿತ, ಊಟ, ಊರಿನ ಗಾಳಿ ಮೂರನ್ನೂ ಜೋಡಿಸಿ ನೋಡಿದ ವರದಿ 2008ರಲ್ಲಿ ಬಂತು. ಬಿ6, ಬಿ12 ವಿಟಮಿನ್‌ಗಳನ್ನೂ ಮೆಥಿಯೋನಿನ್ ಎಂಬ ಅಮೈನೋ ಆಮ್ಲವನ್ನೂ ಊಟದಿಂದ ಕಡಿಮೆ ಪಡೆಯುತ್ತಿದ್ದವರಲ್ಲಿ ಕಣಗಳು ಏರಿದಾಗ ಬಡಿತದ ಏರಿಳಿತ ಕುಗ್ಗಿತ್ತು. ಹೆಚ್ಚು ಪಡೆಯುತ್ತಿದ್ದವರಲ್ಲಿ ಆ ಪರಿಣಾಮ ಕಾಣಲಿಲ್ಲ. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಬಹು ದೊಡ್ಡದು. ಐದು ಲಕ್ಷ ನಲವತ್ತೆಂಟು ಸಾವಿರಕ್ಕೂ ಹೆಚ್ಚು ಅಮೆರಿಕನ್ನರನ್ನು, ಅವರ ಸರಾಸರಿ ವಯಸ್ಸು 62 ಇದ್ದಾಗಿನಿಂದ, 17 ವರ್ಷ ಹಿಂಬಾಲಿಸಿದ ಲೆಕ್ಕ ಅದು. ತರಕಾರಿ, ಕಾಳು, ಹಣ್ಣು, ಇಡಿಧಾನ್ಯ, ಮೀನು ಹೆಚ್ಚಿರುವ ಮೆಡಿಟರೇನಿಯನ್ ರೀತಿಯ ಊಟದಿಂದ ತೀರಾ ದೂರವಿದ್ದವರಲ್ಲಿ, ಪಿಎಂ 2.5 ಪ್ರತಿ 10 ಮೈಕ್ರೋಗ್ರಾಂ ಏರಿದಾಗ ಹೃದಯರಕ್ತನಾಳದ ಕಾಯಿಲೆಯಿಂದಾಗುವ ಸಾವು ಶೇ. 17ರಷ್ಟು ಹೆಚ್ಚಿತು. ಆ ಊಟಕ್ಕೆ ಅತಿ ಹತ್ತಿರವಿದ್ದವರಲ್ಲಿ ಶೇ. 5.

ಮಿದುಳಿನ ಸಂಗತಿಯೂ ಇದೇ ದಾರಿಯಲ್ಲಿದೆ. 65ರಿಂದ 80 ವಯಸ್ಸಿನ 1,315 ಮಹಿಳೆಯರ ರಕ್ತದಲ್ಲಿ, ಮೀನೆಣ್ಣೆಯಲ್ಲಿ ಹೇರಳವಾಗಿರುವ ಒಮೆಗಾ-3 ಎಂಬ ಕೊಬ್ಬನ್ನು ಅಳೆದು, ಮಿದುಳಿನ ಚಿತ್ರಗಳೊಂದಿಗೆ ಹೋಲಿಸಿದ ವರದಿ 2020ರಲ್ಲಿ ಬಂತು. ಹೊಗೆಯ ಊರುಗಳಲ್ಲಿದ್ದು ಒಮೆಗಾ-3 ಕಡಿಮೆಯಿದ್ದವರಲ್ಲಿ ಮಿದುಳಿನ ಬಿಳಿದ್ರವ್ಯ, ಅಂದರೆ ನರತಂತುಗಳ ಭಾಗ, ಹೆಚ್ಚು ಕುಗ್ಗಿತ್ತು.

ಇಲ್ಲಿ ಒಂದು ಎಚ್ಚರ ಬೇಕು. ಚೆನ್ನಾಗಿ ತಿನ್ನುವವರ ಕೈಯಲ್ಲಿ ಸಾಮಾನ್ಯವಾಗಿ ಹಣವೂ ಇರುತ್ತದೆ, ಮನೆ ಹೆದ್ದಾರಿಯಿಂದ ದೂರವೂ ಇರುತ್ತದೆ. ಸಂಶೋಧಕರು ಲೆಕ್ಕದಲ್ಲಿ ಇದನ್ನು ಸರಿದೂಗಿಸುತ್ತಾರೆ, ಆದರೆ ಪೂರ್ತಿ ಸರಿದೂಗಿಸಲು ಆಗುವುದಿಲ್ಲ. ಮೆಕ್ಸಿಕೋದ ಪ್ರಯೋಗ ಚಿಕ್ಕದಾದರೂ ನನಗೆ ಅಷ್ಟು ಮುಖ್ಯವಾಗಿ ಕಾಣುವುದು ಅಲ್ಲಿ ಎಲ್ಲರೂ ಒಂದೇ ಸೂರಿನಡಿ, ಒಂದೇ ಗಾಳಿ ಕುಡಿಯುತ್ತಿದ್ದರು ಎಂಬ ಕಾರಣಕ್ಕೆ.

ಇನ್ನೂ ದೊಡ್ಡ ಎಚ್ಚರವನ್ನು ಫಿನ್‌ಲೆಂಡ್ ಕಲಿಸಿದೆ. ಧೂಮಪಾನ ಮಾಡುವ 29,133 ಗಂಡಸರ ಮೇಲೆ ಅಲ್ಲಿ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಿತ್ತು. ಕ್ಯಾರೆಟ್‌ನಲ್ಲಿರುವ ಬೀಟಾ ಕ್ಯಾರೊಟಿನ್ ಶ್ವಾಸಕೋಶವನ್ನು ಕಾಯುತ್ತದೆ ಎಂಬ ನಂಬಿಕೆಯಿಂದ ಅದನ್ನು ಮಾತ್ರೆಯಾಗಿ ಕೊಟ್ಟರೆ, ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಯಿತು. ತರಕಾರಿಯೊಳಗೆ ನೂರಾರು ಪದಾರ್ಥಗಳ ಜೊತೆ ಅಲ್ಪ ಪ್ರಮಾಣದಲ್ಲಿರುವ ಒಂದು ವಸ್ತುವನ್ನು ಬಿಡಿಸಿ ತೆಗೆದು ರಾಶಿಯಾಗಿ ಕೊಟ್ಟಾಗ ಅದು ಬೇರೆಯೇ ವಸ್ತುವಿನಂತೆ ವರ್ತಿಸಬಹುದು. ಮಾಲಿನ್ಯದಿಂದ ರಕ್ಷಿಸುವ ಮಾತ್ರೆ ಎಂದು ಮೊಬೈಲ್ ಪರದೆಯ ಮೇಲೆ ಬರುವ ಜಾಹೀರಾತುಗಳನ್ನು ನೋಡಿ ಅಪ್ಪ ಅಮ್ಮನಿಗೆ ಡಬ್ಬಿಗಟ್ಟಲೆ ತರಿಸಿಕೊಡುವ ಮಕ್ಕಳು ಇದನ್ನು ದಯವಿಟ್ಟು ನೆನಪಿಡಬೇಕು.

ಊಟ ಹೊಗೆಯನ್ನು ತಡೆಯುವಂತೆ ಹೊಗೆಯೂ ಊಟವನ್ನು ಕಸಿದುಕೊಳ್ಳುತ್ತದೆ. ವಾಸನೆ ಹಿಡಿಯುವ ನರದ ತುದಿಗಳು ಮೂಗಿನ ಮೇಲ್ಭಾಗದಲ್ಲಿ ಗಾಳಿಗೆ ನೇರವಾಗಿ ತೆರೆದುಕೊಂಡಿವೆ. ಸೂಕ್ಷ್ಮ ಕಣಗಳು ಹೆಚ್ಚಿರುವ ಕಡೆ ವಾಸ ಮಾಡಿದವರಲ್ಲಿ ಘ್ರಾಣಶಕ್ತಿ ನಷ್ಟ ಹೆಚ್ಚು ಎಂದು ಅಮೆರಿಕದಲ್ಲೂ ಸ್ವೀಡನ್‌ನಲ್ಲೂ ಕಂಡುಬಂದಿದೆ. ಒಗ್ಗರಣೆಯ ಘಮ ಮೂಗಿಗೆ ತಾಗದಿದ್ದರೆ ನಾಲಿಗೆಗೆ ರುಚಿ ಎಲ್ಲಿಯದು? “ಬಾಯಿಗೆ ಏನೂ ಸೇರುತ್ತಿಲ್ಲ” ಎನ್ನುವ ಹಿರಿಯರ ದೂರನ್ನು ವಯಸ್ಸಿನ ಹಟವೆಂದು ತಳ್ಳಿಹಾಕುವವರು ಇದನ್ನೂ ಯೋಚಿಸಬೇಕು. ಮಂಜು ಹೊಗೆಯ ಹೊದಿಕೆ ಬಿಸಿಲಿನ ನೇರಳಾತೀತ ಕಿರಣವನ್ನೂ ತಡೆಯುತ್ತದೆ. ದೆಹಲಿಯ ಹೊಗೆ ಕವಿದ ಬಡಾವಣೆಯ ಎಳೆಮಕ್ಕಳ ರಕ್ತದಲ್ಲಿ ವಿಟಮಿನ್ ಡಿ, ಅದಕ್ಕಿಂತ ಶುದ್ಧ ಗಾಳಿಯ ಕಡೆಯ ಮಕ್ಕಳಿಗಿಂತ ಅರ್ಧಕ್ಕೂ ಕಡಿಮೆಯಿತ್ತು ಎಂದು 2002ರಲ್ಲೇ ವರದಿಯಾಗಿತ್ತು. ಮುದಿ ಚರ್ಮ ಮೊದಲೇ ಈ ವಿಟಮಿನ್ನನ್ನು ಕಡಿಮೆ ತಯಾರಿಸುತ್ತದೆ. ನಮ್ಮ ನೆರೆಯ ಹೈದರಾಬಾದ್ ಸುತ್ತಲಿನ 28 ಹಳ್ಳಿಗಳಲ್ಲಿ 3,700ಕ್ಕೂ ಹೆಚ್ಚು ವಯಸ್ಕರ ಮೂಳೆ ಅಳೆದ ಅಧ್ಯಯನ, ಗಾಳಿಯಲ್ಲಿ ಕಣ ಹೆಚ್ಚಿದ್ದಲ್ಲಿ ಮೂಳೆಯ ಖನಿಜಾಂಶ ಕಡಿಮೆ ಎಂದು 2020ರಲ್ಲಿ ತೋರಿಸಿತು. ಅವರ ಸರಾಸರಿ ವಯಸ್ಸು ಇನ್ನೂ ಮೂವತ್ತಾರರ ಆಸುಪಾಸು. ಅವರಿಗೆ ಎಪ್ಪತ್ತಾಗುವ ಹೊತ್ತಿಗೆ ಬಚ್ಚಲಲ್ಲಿ ಒಮ್ಮೆ ಕಾಲು ಜಾರಿದರೆ ಏನಾಗಬಹುದು ಎಂದು ನೆನೆದರೆ ಸಂಕಟವಾಗುತ್ತದೆ.

ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿಯ ತೂಕ ಇರಬೇಕಾದುದಕ್ಕಿಂತ ಕಡಿಮೆ ಎಂದು 2017-18ರ ರಾಷ್ಟ್ರೀಯ ವೃದ್ಧಾಪ್ಯ ಸಮೀಕ್ಷೆ ಹೇಳಿತು. ಅದೇ ದೇಶದಲ್ಲಿ ಪಿಎಂ 2.5ಕ್ಕೆ ಇರುವ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5. ಕರ್ನಾಟಕದಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಗಾಳಿಯ ಗುಣಮಟ್ಟ ಸುಧಾರಿಸಬೇಕಾದ ನಗರಗಳೆಂದು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿವೆ. ಹಳ್ಳಿಯ ಹೊಗೆ ಆ ಪಟ್ಟಿಗೆ ಬರುವುದಿಲ್ಲ. ಒಲೆಯ ಹೊಗೆಯನ್ನು ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್ 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳ ಅಡುಗೆಮನೆಯಲ್ಲಿ ಹೊಗೆ ಅಳೆದಾಗಲೇ ಅದು ನಗರದ ಬೀದಿಗಿಂತ ಎಷ್ಟೋ ಪಾಲು ಹೆಚ್ಚೆಂದು ಗೊತ್ತಾಗಿತ್ತು. ಸೌದೆ ಒಲೆಯ ಮುಂದೆ ಊದುಕೊಳವೆ ಹಿಡಿದು ನಲವತ್ತು ವರ್ಷ ಕೂತ ಹೆಂಗಸೇ ಮನೆಯವರೆಲ್ಲ ಉಂಡ ಮೇಲೆ ತಳದಲ್ಲಿ ಉಳಿದ ಸಾರು ಬಳಿದು ಉಂಡವಳು. ಎಲ್ಲರಿಗಿಂತ ಹೆಚ್ಚು ಹೊಗೆ, ಎಲ್ಲರಿಗಿಂತ ತೆಳುವಾದ ತುತ್ತು. ಅವಳಿಗೆ ಈಗ ಅರವತ್ತೈದು. ಗ್ಯಾಸ್ ಒಲೆ ಬಂದಿದ್ದರೂ ಹಳೆಯ ನಷ್ಟ ಎದೆಯೊಳಗೇ ಉಳಿದಿದೆ.

ಇಂಥವರ ತಟ್ಟೆಯಲ್ಲಿ ಮೊದಲು ಬೇಕಾದದ್ದು ಪ್ರೊಟೀನು ಎಂಬುದು ನನ್ನ ಅಭಿಪ್ರಾಯ. ಕಫ ಹೊರಹಾಕಲು ಬಲವಾಗಿ ಕೆಮ್ಮಬೇಕು, ಕೆಮ್ಮಲು ಹೊಟ್ಟೆಯ, ಪಕ್ಕೆಲುಬಿನ ಸ್ನಾಯುಗಳಿಗೆ ಕಸುವಿರಬೇಕು. ಹಿರಿಯರಿಗೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೊಟೀನ್ ಬೇಕೆಂದು ಯುರೋಪಿನ ತಜ್ಞರು ಹೇಳುತ್ತಾರೆ. ಐವತ್ತು ಕಿಲೋ ತೂಗುವವರಿಗೆ 50ರಿಂದ 60 ಗ್ರಾಂ. ಒಂದು ಮೊಟ್ಟೆ, ಒಂದು ಲೋಟ ಹಾಲು, ಒಂದು ಹಿಡಿ ಹುರುಳಿಕಾಳು, ಇವು ಒಂದೊಂದೂ ಆರೇಳು ಗ್ರಾಂ ಕೊಡುತ್ತವೆ. ಮುದ್ದೆಗೆ ನೀರು ಸಾರು, ಅನ್ನಕ್ಕೆ ಮಜ್ಜಿಗೆ ಎಂದು ದಿನ ದೂಡಿದರೆ ಲೆಕ್ಕ ಮುಟ್ಟುವುದಿಲ್ಲ. (ಮೂತ್ರಪಿಂಡದ ತೊಂದರೆ ಇರುವವರ ಲೆಕ್ಕ ಬೇರೆ, ಅದನ್ನು ವೈದ್ಯರೇ ಹೇಳಬೇಕು.) ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ವಯಸ್ಸಾದಂತೆ ಜಠರದ ಆಮ್ಲ ಕಡಿಮೆಯಾಗಿ ಅದು ಹೀರಲ್ಪಡುವುದೂ ಇಳಿಯುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ದಿನವೂ ನುಂಗುವ ಆಸಿಡಿಟಿ ಮಾತ್ರೆ ಇನ್ನಷ್ಟು ಇಳಿಸುತ್ತವೆ. ರಕ್ತಪರೀಕ್ಷೆ ಮಾಡಿಸಿ ಕೊರತೆ ಕಂಡರೆ ಆಗ ಮಾತ್ರೆಯೇ ಸರಿಯಾದ ದಾರಿ. ಒಮೆಗಾ-3 ವಿಷಯದಲ್ಲಿ ಕರಾವಳಿಯ ಬಂಗುಡೆ, ಬೂತಾಯಿ ದುಬಾರಿ ಗುಳಿಗೆಗೆ ಏನೂ ಕಡಿಮೆಯಲ್ಲ. ಉತ್ತರ ಕರ್ನಾಟಕದ ಅಗಸಿ ಹಿಂಡಿಯಲ್ಲಿರುವುದು ಸಸ್ಯದ ಒಮೆಗಾ-3, ದೇಹ ಅದರಲ್ಲಿ ಸ್ವಲ್ಪ ಭಾಗವನ್ನಷ್ಟೇ ಮೀನಿನ ಬಗೆಗೆ ಬದಲಿಸಿಕೊಳ್ಳುತ್ತದೆ. ಆದರೂ ರೊಟ್ಟಿಯ ಜೊತೆ ಅದು ಇರಲಿ. ವಿಟಮಿನ್ ಸಿಗೆ ನೆಲ್ಲಿಕಾಯಿ, ಸೀಬೆಹಣ್ಣು ಇವೆ. ಹಲ್ಲಿಲ್ಲದವರಿಗೆ ಸೀಬೆಯ ತಿರುಳನ್ನು ಹಿಸುಕಿ, ಬೀಜ ಸೋಸಿ ಕೊಡಬಹುದು.

ಚಳಿಗಾಲದ ಬೆಳಗಿನ ಜಾವ ನೆಲದ ಹತ್ತಿರದ ತಂಪು ಗಾಳಿಯ ಮೇಲೆ ಬೆಚ್ಚಗಿನ ಪದರವೊಂದು ಮುಚ್ಚಳದಂತೆ ಕೂತಿರುತ್ತದೆ, ರಾತ್ರಿಯ ಹೊಗೆ ಅದರಡಿ ಸಿಕ್ಕಿಕೊಂಡಿರುತ್ತದೆ. ರಸ್ತೆಬದಿ ಗುಡಿಸಿದ ಎಲೆರಾಶಿಗೆ ಬೆಂಕಿ ಬೀಳುವುದೂ ಆ ಹೊತ್ತಿಗೇ. ಬೆಂಗಳೂರಿನ ಮುಖ್ಯರಸ್ತೆಗಳಲ್ಲಿ ಮಫ್ಲರ್ ಸುತ್ತಿಕೊಂಡು, ಬರೀ ಕಾಫಿ ಕುಡಿದು ಬಿರಬಿರನೆ ನಡೆಯುವ ಹಿರಿಯರನ್ನು ಕಂಡಾಗಲೆಲ್ಲ ನಿಲ್ಲಿಸಿ ಮಾತಾಡಿಸಬೇಕೆನಿಸುತ್ತದೆ. ಬಿಸಿಲೇರಿದ ಮೇಲೆ, ಎರಡು ಇಡ್ಲಿ ಒಂದು ಬಟ್ಟಲು ಸಾಂಬಾರು ಹೊಟ್ಟೆಗಿಳಿದು ಅರ್ಧ ಗಂಟೆಯಾದ ಬಳಿಕ, ಹಿಂದಿನ ಬೀದಿಯ ಪಾರ್ಕಿನಲ್ಲಿ ನಡೆಯಿರಿ ಎಂದು ಹೇಳಬೇಕೆನಿಸುತ್ತದೆ.