ಸೊಂಡಿಲಷ್ಟೇ ಕಾಣುವ ಈಜು

ಬೇಸಿಗೆಯಲ್ಲಿ ಕಬಿನಿ ಹಿನ್ನೀರು ತಗ್ಗಿದಾಗ, ಅಂಚಿನಲ್ಲಿ ಚಿಗುರಿದ ಹುಲ್ಲಿಗೆ ಆನೆಗಳು ಹಿಂಡಾಗಿ ಬರುತ್ತವೆ. ಆಚೆ ದಡಕ್ಕೆ ಹೋಗಬೇಕೆನಿಸಿದರೆ ಸೀದಾ ನೀರಿಗಿಳಿಯುತ್ತವೆ. ಸ್ವಲ್ಪ ಹೊತ್ತಿಗೆ ಕಾಣುವುದು ನೆತ್ತಿ ಮತ್ತು ಮೇಲೆತ್ತಿದ ಸೊಂಡಿಲು ಮಾತ್ರ. ಮೊದಲ ಸಲ ನೋಡುವವರಿಗೆ ಎದೆ ಧಸಕ್ಕೆನ್ನುತ್ತದೆ. ಆನೆ ಮಾತ್ರ ಆರಾಮಾಗಿ ಈಜುತ್ತಿರುತ್ತದೆ.

ಮೂರು-ನಾಲ್ಕು ಟನ್ ತೂಕದ ಪ್ರಾಣಿ ತೇಲುವುದು ಹೇಗೆ? ತೇಲುವುದಕ್ಕೆ ತೂಕವೊಂದನ್ನೇ ನೋಡಿದರೆ ಸಾಲದು, ಮೈ ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದನ್ನೂ ನೋಡಬೇಕು. ಆನೆಯ ದೊಡ್ಡ ಮೈ ಅಷ್ಟೇ ಜಾಸ್ತಿ ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ನೀರು ಅದನ್ನು ಎತ್ತಿ ಹಿಡಿಯುತ್ತದೆ. ನೀರಾನೆಯ ಕಥೆ ಬೇರೆ. ಹಗಲೆಲ್ಲ ನೀರಲ್ಲೇ ಬಿದ್ದಿರುತ್ತದೆ, ಅಲ್ವಾ? ಆದರೆ ಅದರ ಮೈ ನೀರಿಗಿಂತ ದಟ್ಟ. ಹಾಗಾಗಿ ಈಜುವ ಬದಲು ತಳದಲ್ಲಿ ಕಾಲೂರಿ ನೆಗೆಯುತ್ತಾ ಸಾಗುತ್ತದೆ. ಜಿರಾಫೆ ತೇಲುತ್ತದೆಯೇ ಎಂದು ಅದನ್ನು ನೀರಿಗೆ ತಳ್ಳಿ ಪರೀಕ್ಷಿಸುವ ಹಾಗಿಲ್ಲ. 2010ರಲ್ಲಿ ವಿಜ್ಞಾನಿಗಳಾದ ಡೊನಾಲ್ಡ್ ಹೆಂಡರ್ಸನ್ ಮತ್ತು ಡ್ಯಾರೆನ್ ನೇಯ್ಶ್ ಕಂಪ್ಯೂಟರಿನಲ್ಲೇ ಒಂದು ಜಿರಾಫೆ ಮಾಡಿ ತೇಲಿಸಿದರು. ನೀರು ಸುಮಾರು 2.8 ಮೀಟರಿಗಿಂತ ಆಳವಾದಾಗ ಅದು ತೇಲಿತು. ಆದರೆ ಮುಂಭಾಗ ತಗ್ಗಿ, ಕತ್ತು ನೀರಿನ ಮಟ್ಟಕ್ಕೇ ಮಲಗಿತು. ಈಜಬಹುದು, ತುಂಬಾ ಕಷ್ಟಪಟ್ಟು ಎಂದು ಅವರು ಬರೆದರು.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಆನೆಯ ಉಸಿರು. ನಾವು ಉದ್ದನೆಯ ಕೊಳವೆ ಕಚ್ಚಿಕೊಂಡು ಎರಡು ಮೀಟರ್ ಆಳದಲ್ಲಿ ಉಸಿರಾಡಲಾರೆವು. ನೀರು ಹೊರಗಿನಿಂದ ಎದೆಯನ್ನು ಒತ್ತುತ್ತದೆ. ಶ್ವಾಸಕೋಶದೊಳಗೆ ಮಾತ್ರ ಮೇಲಿನ ಗಾಳಿಯ ಒತ್ತಡವಷ್ಟೇ ಇರುತ್ತದೆ. ಈ ವ್ಯತ್ಯಾಸಕ್ಕೆ ಎದೆಯೊಳಗಿನ ಪೊರೆಯ ಸಣ್ಣ ರಕ್ತನಾಳಗಳು ಒಡೆಯಬಹುದು. ನಮ್ಮಲ್ಲಿ ಶ್ವಾಸಕೋಶಕ್ಕೂ ಎದೆಗೂಡಿಗೂ ನಡುವೆ ತೆಳ್ಳನೆಯ ಎರಡು ಪೊರೆ, ಅವುಗಳ ನಡುವೆ ಒಂಚೂರು ದ್ರವವಿರುವ ಸಂದು ಇದೆ. ಆನೆಯಲ್ಲಿ ಆ ಸಂದೇ ಇಲ್ಲ! ಅಲ್ಲಿ ಸಡಿಲವಾದ ನಾರಿನಂಥ ಅಂಗಾಂಶ ತುಂಬಿಕೊಂಡಿದೆ, ಪೊರೆಗಳೂ ದಪ್ಪ. ಇದು ವೈದ್ಯರಿಗೆ ಹಿಂದೆಯೇ ಗೊತ್ತಿತ್ತು, ಕಾರಣ ಮಾತ್ರ ತಿಳಿದಿರಲಿಲ್ಲ. ಸೊಂಡಿಲೆತ್ತಿ ಈಜುವುದಕ್ಕೇ ಈ ಏರ್ಪಾಡು ಎಂದು ಉಸಿರಾಟದ ವಿಜ್ಞಾನಿ ಜಾನ್ ವೆಸ್ಟ್ 2000ದ ದಶಕದ ಆರಂಭದಲ್ಲಿ ವಿವರಿಸಿದರು.

ತಾಯಿಯ ಹೊಟ್ಟೆಯಲ್ಲಿ ಮೊದಮೊದಲು ಮರಿಯ ಎದೆಯಲ್ಲೂ ನಮ್ಮಂಥದೇ ಸಂದು ಇರುತ್ತದೆ. ಬೆಳೆದಂತೆ ಅದು ತುಂಬಿಕೊಳ್ಳುತ್ತದೆ. ಹಿನ್ನೀರಿನಲ್ಲಿ ತಾಯಿಗೆ ಅಂಟಿಕೊಂಡೇ ಈಜುವ ಮರಿ, ಹುಟ್ಟುವ ಮೊದಲೇ ಎದೆಯನ್ನು ಸಜ್ಜು ಮಾಡಿಕೊಂಡು ಬಂದಿರುತ್ತದೆ.