ಹೇರ್ ಜಿಗ್ ಅಂದ ಮಾತ್ರಕ್ಕೆ ಜಿಗಿಸಬೇಕಾ?

ಪ್ರಶ್ನೆ: ಮಿಶಿಗನ್‌ಗೆ ಬಂದು ಎರಡು ವರ್ಷವಾಯಿತು. ಸ್ಮಾಲ್‌ಮೌತ್ ಬಾಸ್ ಮೀನು ಹಿಡಿಯೋಣ ಎಂದು ಏಪ್ರಿಲ್ ಕೊನೆಯಲ್ಲಿ ಲೇಕ್ ಸೇಂಟ್ ಕ್ಲೇರ್‌ಗೆ ಹೇರ್ ಜಿಗ್ (ಕೂದಲು ಕಟ್ಟಿದ ಗಾಳದ ಕೊಕ್ಕೆ) ತಗೊಂಡು ಹೋಗಿದ್ದೆ. ರಾಡ್ ಅಲ್ಲಾಡಿಸಿ ಅಲ್ಲಾಡಿಸಿ ಕೈ ಸೋತಿತೇ ಹೊರತು ಒಂದೂ ಕಚ್ಚಲಿಲ್ಲ. ಪಕ್ಕದ ದೋಣಿಯವರು ಆರಾಮವಾಗಿ ಒಂದರ ಹಿಂದೊಂದು ಎತ್ತುತ್ತಿದ್ದರು. ಇದನ್ನು ಎಷ್ಟು ಅಲ್ಲಾಡಿಸಬೇಕು?

ಉತ್ತರ: ಅಲ್ಲಾಡಿಸಲೇ ಬೇಡಿ.

ತಪ್ಪು ನಿಮ್ಮದಲ್ಲ, ಹೆಸರಿನದು. ಜಿಗ್ ಅಂದರೆ ಕುಣಿತ. ಕನ್ನಡದವರ ಕಿವಿಗಂತೂ ಅದು ‘ಜಿಗಿ’ ಎಂದೇ ಕೇಳಿಸುತ್ತದೆ. ಹಾಗಾಗಿ ಎಲ್ಲರೂ ಮೊದಲ ದಿನ ಜಿಗಿಸುತ್ತಾರೆ. ನಾನೂ ಜಿಗಿಸಿದ್ದೇನೆ.

ಕೈಯಲ್ಲಿರುವುದು ಏನು, ಒಮ್ಮೆ ನೋಡಿ. ಕೊಕ್ಕೆಯ ಕುತ್ತಿಗೆಗೆ ಸೀಸದ ಒಂದು ಗುಂಡು. ಅದರ ಹಿಂದೆ ನೂಲಿನಿಂದ ಬಿಗಿದು ಸುತ್ತಿದ ಕೂದಲು ಅಥವಾ ಪುಕ್ಕ. ಅಷ್ಟೇ. ಊರಿನ ಕೆರೆಗೆ ಎರೆಹುಳು, ಕಾವೇರಿಗೆ ರಾಗಿ ಹಿಟ್ಟಿನ ಉಂಡೆ ಕಟ್ಟಿದವರಿಗೆ ಇದು ಮೀನಿಗೆ ಮಾಡುವ ಮೋಸದಂತೆ ಕಾಣಬಹುದು. ವಾಸನೆ ಇಲ್ಲ, ರುಚಿ ಇಲ್ಲ. ಇರುವುದು ಚಲನೆ ಮಾತ್ರ. ಆ ಚಲನೆ ಬರುವುದು ನಿಮ್ಮ ಕೈಯಿಂದಲ್ಲ, ಕೂದಲಿನಿಂದ.

ಸೇಂಟ್ ಕ್ಲೇರ್‌ನಲ್ಲಿ ವಸಂತದ ಹೊತ್ತಿಗೆ ಹೆಚ್ಚು ನಡೆಯುವುದು ಮರಬೂ ಪುಕ್ಕದ ಜಿಗ್. ಮರಬೂ ಅಂದರೆ ಆಫ್ರಿಕಾದ ಒಂದು ಕೊಕ್ಕರೆ. ಹೆಸರು ಅದರದ್ದು, ಪುಕ್ಕ ಮಾತ್ರ ಈಗ ಟರ್ಕಿ ಕೋಳಿಯದು. ನೀರಿನಿಂದ ಮೇಲೆತ್ತಿದರೆ ಮಳೆಗೆ ಸಿಕ್ಕ ಕೋಳಿಯ ಹಾಗೆ ಮುದುಡಿಕೊಂಡಿರುತ್ತದೆ. ಇದಕ್ಕಾ ಇಷ್ಟು ದುಡ್ಡು ಕೊಟ್ಟೆ ಅನ್ನಿಸುತ್ತದೆ. ದೋಣಿಯ ಪಕ್ಕದಲ್ಲೇ ನೀರಿಗೆ ಬಿಟ್ಟು ನೋಡಿ, ಅರಳುತ್ತದೆ. ದಾರ ಎಳೆಯದಿದ್ದರೂ ಎಳೆಗಳು ಒಳಗೂ ಹೊರಗೂ ಆಡುತ್ತಿರುತ್ತವೆ, ಉಸಿರಾಡಿದ ಹಾಗೆ. ಇದನ್ನು ಜೋರಾಗಿ ಜಗ್ಗಿದರೆ ಏನಾಗುತ್ತದೆ? ಎಳೆಗಳು ಕೊಕ್ಕೆಗೆ ಅಂಟಿಕೊಂಡು ಕಡ್ಡಿಯಾಗುತ್ತವೆ. ಮರಿಮೀನಿನ ಹಾಗಿದ್ದದ್ದು ಸೀಸದ ತುಂಡಾಗಿ ಹಾರುತ್ತದೆ. ನೀವು ಇಡೀ ಬೆಳಗ್ಗೆ ಮಾಡಿದ್ದು ಇದನ್ನೇ.

ಮೀನಿನ ಕಡೆಯಿಂದಲೂ ಯೋಚಿಸಿ. ಏಪ್ರಿಲ್‌ನಲ್ಲಿ ನೀರು ಇನ್ನೂ ತಣ್ಣಗೆ, 45ರಿಂದ 55 ಡಿಗ್ರಿ ಫ್ಯಾರನ್‌ಹೀಟ್. ಮೀನಿನ ಮೈಬಿಸಿ ನೀರಿನ ಜೊತೆಗೇ ಇಳಿಯುತ್ತದೆ. ತಿಂದದ್ದು ನಿಧಾನವಾಗಿ ಅರಗುತ್ತದೆ. ಓಡುವುದರ ಹಿಂದೆ ಓಡಲು ಅದಕ್ಕೆ ಮನಸ್ಸಿಲ್ಲ. ಮೂಗಿನ ಮುಂದೆ ನಿಧಾನಕ್ಕೆ ತೇಲಿ ಹೋಗುವುದನ್ನು ಮಾತ್ರ ಬಾಯಿಗೆ ಹಾಕಿಕೊಳ್ಳುತ್ತದೆ. ಅದೇ ಚಳಿಗೆ ಗಾಳಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಹುಳುಗಳು ಬಿರುಸಾಗಿಬಿಡುತ್ತವೆ, ಪುಕ್ಕ ಆಗುವುದಿಲ್ಲ.

ಈಗ ಎಸೆಯುವ ವಿಷಯ. ಸೇಂಟ್ ಕ್ಲೇರ್ ಆಳದ ಸರೋವರವಲ್ಲ, ಸರಾಸರಿ 11 ಅಡಿ. ಹಾಗಾಗಿ ಒಂದು ಔನ್ಸಿನ 32ರಲ್ಲಿ 3 ಭಾಗ, ಅಂದರೆ ಎರಡೂವರೆ ಗ್ರಾಂ ಚಿಲ್ಲರೆ ತೂಕದ ಜಿಗ್ ಸಾಕು. ಅಂಗಡಿಯಲ್ಲಿ ಹೊಸಬರು ಬಣ್ಣ ನೋಡಿ ಆರಿಸುತ್ತಾರೆ. ನೀವು ತೂಕ ನೋಡಿ. ಬಣ್ಣಕ್ಕೆ ಕಪ್ಪು ಒಂದಿದ್ದರೆ ನನಗೆ ಸಾಕು. ತೂಕ ಹೆಚ್ಚಾದರೆ ಜಿಗ್ ಬೇಗ ಇಳಿಯುತ್ತದೆ. ತಳ ಮುಟ್ಟದಿರಲಿ ಎಂದು ಬೇಗ ಸುತ್ತುತ್ತೀರಿ. ಅಲ್ಲಿಗೆ ಆಟ ಕೆಟ್ಟಿತು.

ಇಷ್ಟು ಹಗುರವಾದದ್ದು ದೂರ ಹೋಗಬೇಕಲ್ಲ, ಅದಕ್ಕೆ ಏಳೂವರೆ, ಎಂಟು ಅಡಿಯ ಬಳುಕುವ ಸ್ಪಿನ್ನಿಂಗ್ ರಾಡ್. ರೀಲ್‌ನಲ್ಲಿ ತೆಳ್ಳನೆಯ ಬ್ರೇಡ್ (ಹೆಣೆದ) ದಾರ, ತುದಿಗೆ 6 ಅಥವಾ 8 ಪೌಂಡ್ ತಡೆಯುವ ಫ್ಲೋರೋಕಾರ್ಬನ್ ಲೀಡರ್, ಅಂದರೆ ಜಿಗ್ ಕಟ್ಟುವ ಪಾರದರ್ಶಕ ದಾರದ ತುಂಡು. ಗಾಳಿ ಬೆನ್ನಿಗೆ ಇರಲಿ. ಅಡ್ಡ ಗಾಳಿಯಲ್ಲಿ ದಾರ ಬಿಲ್ಲಿನಂತೆ ಬಾಗಿ ಜಿಗ್ಗನ್ನು ಮೇಲಕ್ಕೆ ಎಳೆದುಬಿಡುತ್ತದೆ. ದೂರಕ್ಕೆ ಎಸೆದು, ಎರಡು ಮೂರು ಎಣಿಸಿ, ರಾಡ್ ತುದಿ ಮೇಲೆತ್ತಿ ಹಿಡಿದು ಒಂದೇ ಸಮನೆ ಸುತ್ತುತ್ತಾ ಬನ್ನಿ. ನಿಮಗೆ ನಿಧಾನ ಅನ್ನಿಸುವುದಕ್ಕಿಂತ ಇನ್ನೂ ಸ್ವಲ್ಪ ನಿಧಾನ. ಜಿಗ್ ಮೀನಿನ ತಲೆಯ ಮೇಲೆ ಹೋಗಲಿ. ಸ್ಮಾಲ್‌ಮೌತ್ ಮೇಲೆ ನೋಡಿ ಎದ್ದು ಬಂದು ಹಿಡಿಯುತ್ತದೆ.

ಕಚ್ಚಿದ್ದು ‘ಟಕ್’ ಅಂತ ಗೊತ್ತಾಗುವುದು ಅಪರೂಪ. ದಾರ ಸ್ವಲ್ಪ ಭಾರವಾಗುತ್ತದೆ, ಒದ್ದೆ ಬಟ್ಟೆಗೆ ಸಿಕ್ಕಿಕೊಂಡ ಹಾಗೆ. ಆಗ ಸುತ್ತುವುದನ್ನು ನಿಲ್ಲಿಸಬೇಡಿ, ರಾಡನ್ನು ಪಕ್ಕಕ್ಕೆ ಮೆಲ್ಲಗೆ ಒತ್ತಿ, ಸಾಕು. ಮೊದಲ ವರ್ಷ ನಾನು ಗಾಬರಿಯಿಂದ ಜಗ್ಗಿ ಒಂದು ಒಳ್ಳೇ ಮೀನು ಕಳೆದುಕೊಂಡೆ. ಇಷ್ಟು ಸಣ್ಣ ಜಿಗ್‌ನ ಕೊಕ್ಕೆ ತೆಳು ತಂತಿಯದು. ಕೈಗೆ ವಾಪಸ್ ಬಂದಾಗ ಅದು ನೆಟ್ಟಗಾಗಿತ್ತು.

ಏನೂ ಮಾಡದಿರುವುದೇ ಇದರ ವಿದ್ಯೆ ಎಂದು ನಂಬಿಕೆ ಬರದಿದ್ದರೆ ಟೆನೆಸ್ಸಿ ಕಡೆಯವರ ಪದ್ಧತಿ ಕೇಳಿ. ಅಲ್ಲಿ ಚಳಿಗಾಲದಲ್ಲಿ ಪುಟ್ಟ ಹೇರ್ ಜಿಗ್ಗನ್ನು ಒಂದು ಬೆಂಡಿನ ಕೆಳಗೆ ಹತ್ತು ಅಡಿ ಆಳಕ್ಕೆ ನೇತುಹಾಕಿ ಬಿಡುತ್ತಾರೆ. ಅಲೆಗೆ ಬೆಂಡು ಆಡುತ್ತದೆ, ಬೆಂಡಿಗೆ ಜಿಗ್ ಆಡುತ್ತದೆ. ನೀರು ತೀರಾ ನಿಂತಿದ್ದರೆ ಮಾತ್ರ ರಾಡ್ ತುದಿಯನ್ನು ಚೂರು ನಡುಗಿಸುತ್ತಾರೆ. ಇದಕ್ಕೆ ಹೆಸರಾದ ಸರೋವರಗಳಲ್ಲಿ ಡೇಲ್ ಹಾಲೋ ಒಂದು. 1955ರ ಜುಲೈ 9ರಂದು ಡೇವಿಡ್ ಹೇಯ್ಸ್ ಹಿಡಿದ ವಿಶ್ವದಾಖಲೆಯ ಸ್ಮಾಲ್‌ಮೌತ್ ಅಲ್ಲಿಯದೇ: 11 ಪೌಂಡ್ 15 ಔನ್ಸ್. ಅದು ಹೇರ್ ಜಿಗ್‌ಗೆ ಬಿದ್ದದ್ದಲ್ಲ, ಸುಮ್ನೆ ಆಸೆ ಪಡಬೇಡಿ.

ಜಿಂಕೆ ಬಾಲದ ಕೂದಲಿನ ಜಿಗ್ ಮಾತ್ರ ಬೇರೆ ಜಾತಿ. ಕೂದಲು ಬಿರುಸು, ಸೆಳೆತದಲ್ಲೂ ಆಕಾರ ಬಿಡುವುದಿಲ್ಲ. ಅರ್ಧ ಔನ್ಸ್, ಒಂದು ಔನ್ಸ್ ತೂಕದ್ದನ್ನು ಬೇಸಿಗೆಯಲ್ಲಿ ಟೆನೆಸ್ಸಿ ನದಿಯ ಜಲಾಶಯಗಳಲ್ಲಿ ಬಾಸ್‌ನ ಇನ್ನೊಂದು ಜಾತಿಯಾದ ಲಾರ್ಜ್‌ಮೌತ್‌ಗೆ ಬಳಸುತ್ತಾರೆ. ಅಲ್ಲಿ ನಿಜಕ್ಕೂ ಜಗ್ಗಿ ಬಿಡುತ್ತಾರೆ. ನೀವು ನೋಡಿ ಕಲಿತ ವಿಡಿಯೋ ಬಹುಶಃ ಅದರದ್ದು.

ಹೋಗುವ ಮುಂಚೆ ಇನ್ನೊಂದು. ಮಿಶಿಗನ್‌ನಲ್ಲಿ 17 ತುಂಬಿದವರಿಗೆ ಲೈಸೆನ್ಸ್ ಬೇಕು. ಬಾಸ್ ಹಿಡಿದು ತಕ್ಷಣ ಬಿಡುವುದಾದರೆ ವರ್ಷವಿಡೀ ಹಿಡಿಯಬಹುದು. ಮನೆಗೆ ತರುವುದಾದರೆ ಸೇಂಟ್ ಕ್ಲೇರ್‌ನಲ್ಲಿ ಜೂನ್ ಮೂರನೇ ಶನಿವಾರದವರೆಗೆ ಕಾಯಬೇಕು. ಸರೋವರದ ಆಚೆ ಭಾಗ ಕೆನಡಾ. ದೋಣಿ ಅಲ್ಲಿಗೆ ದಾಟಿದರೆ ಆಂಟಾರಿಯೊದ ಲೈಸೆನ್ಸ್ ಬೇರೆ. ರಜೆಗೆ ನ್ಯೂ ಹ್ಯಾಂಪ್‌ಶೈರ್ ಕಡೆ ಹೋದರೆ ಈ ಜಿಗ್‌ಗಳ ಡಬ್ಬಿ ಮನೆಯಲ್ಲೇ ಇರಲಿ. ಸೀಸ ನುಂಗಿ ಲೂನ್ ಹಕ್ಕಿಗಳು ಸಾಯುತ್ತವೆ ಎಂದು ಒಂದು ಔನ್ಸ್ ಅಥವಾ ಅದಕ್ಕಿಂತ ಕಡಿಮೆ ತೂಕದ ಸೀಸದ ಜಿಗ್ಗನ್ನು ಅಲ್ಲಿನ ಸಿಹಿನೀರಿನಲ್ಲಿ ಬಳಸುವಂತಿಲ್ಲ.

ಸಂಜೆ ಬಂದ ಮೇಲೆ ಒದ್ದೆ ಜಿಗ್ಗನ್ನು ಡಬ್ಬಿಯಲ್ಲಿ ಮುಚ್ಚಿಡಬೇಡಿ. ರಾತ್ರಿಯಿಡೀ ಹೊರಗೆ ನೇತುಹಾಕಿ. ಇಲ್ಲದಿದ್ದರೆ ಮುಂದಿನ ಶನಿವಾರ ತೆಗೆದಾಗ ಕೊಕ್ಕೆಗೆ ತುಕ್ಕು, ಪುಕ್ಕ ಸೊಟ್ಟ.