ಪೋಸ್ಟಿಂಗ್ ಬಂದರೆ ಮಗುವಿನ ಗತಿ ಏನು?

"ಅಕ್ಕಾ, ಪುಣೆಗೆ ಬಂದು ಎರಡೂವರೆ ವರ್ಷ ಆಯ್ತು. ಮಗನಿಗೆ ಆರು ವರ್ಷ, ಆಟಿಸಂ ಇದೆ. ಈಗಷ್ಟೇ ಸ್ಕೂಲಿಗೆ, ಥೆರಪಿಗೆ ಹೊಂದಿಕೊಂಡಿದ್ದಾನೆ. ಅಷ್ಟರಲ್ಲಿ ಸೇನೆಯಲ್ಲಿರುವ ನಮ್ಮನೆಯವರಿಗೆ ಬೇರೆ ಊರಿಗೆ ಪೋಸ್ಟಿಂಗ್ ಬರುತ್ತೆ ಅಂತಿದ್ದಾರೆ. ಏನು ಮಾಡಲಿ?"

ಈ ಪ್ರಶ್ನೆ ನನಗೆ ಪುಣೆಯ ಖಡ್ಕಿಯಿಂದ, ದಿಘಿಯಿಂದ, ವಾನವಡಿಯಿಂದ ಬರುತ್ತಲೇ ಇರುತ್ತದೆ. ಕೇಳುವವರು ಬೆಳಗಾವಿ, ಹಾಸನ, ಕೊಡಗಿನ ಕಡೆಯ ಹೆಣ್ಣುಮಕ್ಕಳು. ನಮ್ಮನೆಯವರೂ ಸೇನೆಯಲ್ಲಿದ್ದವರೇ, ಈಗ ರಿಟೈರ್ಡ್. ನಮ್ಮ ಮಗನಿಗೂ ಆಟಿಸಂ, ಅವನಿಗೀಗ 19. ಅವನನ್ನು ಕಟ್ಟಿಕೊಂಡು ಐದು ಊರು ಸುತ್ತಿದ್ದೇನೆ.

ಮೊದಲು ಒಂದು ಮಾತು. ಆರ್ಡರ್ ಬರುವವರೆಗೆ ಕಾಯಬೇಡಿ. ಮಗುವಿನ ವಿಷಯ ಯೂನಿಟ್‌ನಲ್ಲಿ ಎಲ್ಲರಿಗೂ ಗೊತ್ತು ಅಂತೀರಿ, ಆದರೆ ಬಾಯಿಮಾತು ಲೆಕ್ಕಕ್ಕೆ ಬರಲ್ಲ, ಕಾಗದ ಬೇಕು. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿದ್ದೀರಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳ ಪಟ್ಟಿ ಇದೆ, ಆಟಿಸಂ ಅದರಲ್ಲಿ ಸೇರಿದೆ. ಬಹುತೇಕ ಸೌಲಭ್ಯಗಳಿಗೆ ಅಂಗವೈಕಲ್ಯ ಕನಿಷ್ಠ ಶೇ 40 ಅಂತ ಬರೆದಿರಬೇಕು. ಊರಲ್ಲೇ ಮಾಡಿಸಿದ್ದರೂ ಪರವಾಗಿಲ್ಲ, ಅದು ದೇಶದಲ್ಲೆಲ್ಲ ನಡೆಯುತ್ತದೆ. ನನಗೆ ಇದು ಗೊತ್ತಿರಲಿಲ್ಲ. ಒಂದು ಕಿಟಕಿಯಲ್ಲಿ "ಇದು ಬೇರೆ ರಾಜ್ಯದ್ದು, ನಡೆಯಲ್ಲ" ಅಂದಾಗ ಸುಮ್ನೆ ತಲೆ ತಗ್ಗಿಸಿಕೊಂಡು ವಾಪಸ್ ಬಂದಿದ್ದೆ. ನೀವು ಬರಬೇಡಿ.

ಕಾರ್ಡ್ ಕೈಗೆ ಬಂದ ಮೇಲೆ ಯಜಮಾನರು ಯೂನಿಟ್ ಮೂಲಕ ಕಂಪ್ಯಾಷನೇಟ್ ಗ್ರೌಂಡ್ (ಮಾನವೀಯ ಕಾರಣ) ಮೇಲೆ ಅರ್ಜಿ ಹಾಕಬಹುದು. "ಪುಣೆಯಲ್ಲೇ ಇಡಿ" ಅಂತ ಮಾತ್ರ ಬರೆದರೆ ಅರ್ಜಿಗೆ ಬಲ ಇರಲ್ಲ. ವಿಶೇಷ ಮಕ್ಕಳ ಶಾಲೆಯೂ ದೊಡ್ಡ ಮಿಲಿಟರಿ ಆಸ್ಪತ್ರೆಯೂ ಇರುವ ಎರಡು ಮೂರು ಸ್ಟೇಷನ್ ಹೆಸರು ಸೇರಿಸಿ. ಸೇನೆಯ ಆಶಾ ಶಾಲೆ ಪುಣೆಯಲ್ಲಿರುವ ಹಾಗೆ ಬೇರೆ ಕಂಟೋನ್ಮೆಂಟ್‌ಗಳಲ್ಲೂ ಇವೆ. ನೇವಿಯವರಾದರೆ ಮುಂಬೈಯಲ್ಲಿ ಸಂಕಲ್ಪ ಶಾಲೆ ಇದೆ. ಹೆಂಡತಿ ಮಕ್ಕಳನ್ನು ಕರೆದೊಯ್ಯಲಾಗದ ಫೀಲ್ಡ್ ಪೋಸ್ಟಿಂಗೇ ಬಂದರೆ, ಅಂಥ ಕುಟುಂಬಗಳಿಗೆಂದೇ ಇರುವ ಎಸ್‌ಎಫ್‌ಎ ಕ್ವಾರ್ಟರ್ಸ್‌ಗೆ ಅರ್ಜಿ ಹಾಕಿ, ಆಗ ಅಪ್ಪ ದೂರ ಇದ್ದರೂ ಮಗುವಿನ ಶಾಲೆ ತಪ್ಪಲ್ಲ.

ಇನ್ನೊಂದು ವಿಷಯ. ವಾಟ್ಸಾಪ್‌ನಲ್ಲಿ 2014ರ ಒಂದು ಸರ್ಕಾರಿ ಆದೇಶ ಓಡಾಡುತ್ತಿರುತ್ತದೆ, ಅಂಗವಿಕಲ ಮಗುವನ್ನು ನೋಡಿಕೊಳ್ಳುವ ನೌಕರರನ್ನು ಮಾಮೂಲಿ ವರ್ಗಾವಣೆ ಮಾಡಬಾರದು ಅಂತ. ಅದು ಕೇಂದ್ರ ಸರ್ಕಾರದ ಸಿವಿಲ್ ನೌಕರರಿಗೆ. ಯೂನಿಫಾರ್ಮ್ ಹಾಕಿದವರು ಅದನ್ನೇ ನಂಬಿ ಕೂತರೆ ಕೆಟ್ಟರು. ಆದರೆ ನೀವೇ ಕೇಂದ್ರ ಸರ್ಕಾರಿ ಕೆಲಸದಲ್ಲಿದ್ದರೆ ಅದು ನಿಮ್ಮ ಉಪಯೋಗಕ್ಕೆ ಬರುತ್ತದೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಮಕ್ಕಳ ಶಿಕ್ಷಣ ಭತ್ಯೆ ಇಂಥ ಮಕ್ಕಳಿಗೆ ಎರಡರಷ್ಟು, 2024ರ ಜನವರಿಯಿಂದ ತಿಂಗಳಿಗೆ 5,625 ರೂಪಾಯಿ. ಎಷ್ಟೋ ಜನ ಇದು ಗೊತ್ತಿಲ್ಲದೆ ಮಾಮೂಲಿ ದರವನ್ನೇ ಕ್ಲೇಮ್ ಮಾಡುತ್ತಿರುತ್ತಾರೆ. ಕ್ಲರ್ಕ್ ಹತ್ತಿರ ಕೇಳಿ.

ಈಗ ಯಾವ ಆಫೀಸಿನಲ್ಲೂ ಹೇಳದ ಮಾತಿಗೆ ಬರೋಣ. ಸೇನೆಯಲ್ಲಿ ಒಂದು ಕುರ್ಚಿ ಕೈ ಬದಲಾದರೂ ಹ್ಯಾಂಡಿಂಗ್-ಟೇಕಿಂಗ್ ಇರುತ್ತೆ, ಎಣಿಸಿ ಸಹಿ ಹಾಕಿ ಕೊಡುತ್ತಾರೆ. ನಮ್ಮ ಮಗು ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗುವಾಗ? ಒಂದು ಫೈಲು, ಅದರಲ್ಲಿ ಯಾರೂ ಓದದ ರಿಪೋರ್ಟು, ಅಷ್ಟೇ.

ಪುಣೆಗೆ ಬಂದ ಹೊಸತರಲ್ಲಿ ಥೆರಪಿಸ್ಟ್ ನನ್ನ ಮಗನ ಎದುರು ಕೂತು ಮರಾಠಿಯಲ್ಲಿ "ಇಕಡೇ ಬಘ್, ಇಕಡೇ ಬಘ್" (ಇಲ್ಲಿ ನೋಡು) ಅಂದರು. ಅವನು ಫ್ಯಾನ್ ನೋಡುತ್ತ ಕೂತ. "ಸರಳ ಸೂಚನೆಯೂ ಅರ್ಥವಾಗುವುದಿಲ್ಲ" ಅಂತ ಬರೆದುಬಿಟ್ಟರು. ಬಾಗಿಲ ಹತ್ತಿರ ನಿಂತು ನಾನು "ಪುಟ್ಟಾ, ಇಲ್ನೋಡು" ಅಂದೆ. ತಿರುಗಿದ. ಅದೇ ವಾರ ಕ್ಲಾಸಿನಲ್ಲಿ "ಉಚ್ಚೆ, ಉಚ್ಚೆ" ಅಂದಿದ್ದಾನೆ, ಯಾರಿಗೂ ಅರ್ಥ ಆಗಿಲ್ಲ. ಒದ್ದೆ ಚಡ್ಡಿಯಲ್ಲೇ ಮನೆಗೆ ಬಂದ. ನಾನು ಅವತ್ತು ಅತ್ತಿದ್ದು ಅವನಿಗಾಗಿ ಅಲ್ಲ, ನನ್ನ ದಡ್ಡತನಕ್ಕೆ. ಒಂದು ಚೀಟಿ ಬರೆದುಕೊಟ್ಟಿದ್ದರೆ ಮುಗೀತಿತ್ತು, ಅಲ್ವಾ?

ಅವತ್ತು ರಾತ್ರಿಯೇ ಬರೆದೆ. ಒಂದೇ ಹಾಳೆ. ಅವನು ಆಡುವ ಇಪ್ಪತ್ತು ಕನ್ನಡ ಪದ, ಪಕ್ಕದಲ್ಲಿ ಹಿಂದಿಯಲ್ಲಿ ಅರ್ಥ. ಬೂವ ಅಂದರೆ ಊಟ. ಕಿವಿ ಮುಚ್ಚಿಕೊಂಡರೆ ಹೊರಗೆ ಕರೆದುಕೊಂಡು ಹೋಗಿ, ಬೈಯಬೇಡಿ. ಕುಕ್ಕರ್ ಸೀಟಿ, ಮಿಕ್ಸಿ, ಪಟಾಕಿ ಆಗಲ್ಲ. ಅಳುವಾಗ ಮೈ ಮುಟ್ಟಬೇಡಿ, ಪಕ್ಕದಲ್ಲಿ ಸುಮ್ಮನೆ ಕೂತರೆ ಸಾಕು. ಮಾತ್ರೆ ಯಾವುದು, ಎಷ್ಟು ಹೊತ್ತಿಗೆ. ಆಮೇಲೆ ಹೋದ ಪ್ರತಿ ಊರಲ್ಲೂ ಈ ಹಾಳೆ ಮೊದಲು ಕೊಟ್ಟೆ, ಫೈಲು ಆಮೇಲೆ. ಪಕ್ಕದ ಕ್ವಾರ್ಟರ್ಸ್‌ನವರಿಗೂ ಒಂದು ಪ್ರತಿ ಕೊಟ್ಟೆ. "ಏನಾದರೂ ಸಹಾಯ ಬೇಕಾ" ಅಂತ ಕೇಳುವವರು ಬಹಳ ಜನ, ಆದರೆ ಏನು ಮಾಡಬೇಕು ಅಂತ ಪಾಪ ಅವರಿಗೂ ಗೊತ್ತಿರಲ್ಲ. ಹಾಳೆ ಓದಿದ ಮೇಲೆ ಒಬ್ಬ ಪಂಜಾಬಿ ಆಂಟಿ ಮಿಕ್ಸಿ ಹಾಕುವ ಮೊದಲು ನಮ್ಮ ಬಾಗಿಲು ತಟ್ಟಿ ಹೇಳುತ್ತಿದ್ದರು.

ಮತ್ತೆ, "ಮನೆಯಲ್ಲಿ ಕನ್ನಡ ಬಿಡಿ, ಹಿಂದಿ ಒಂದೇ ಮಾತಾಡಿ" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಬಿಡಬೇಡಿ. ಎರಡು ಭಾಷೆ ಕೇಳಿದರೆ ಆಟಿಸಂ ಇರುವ ಮಗುವಿನ ಮಾತು ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಊರಿನಿಂದ ಅಜ್ಜಿ ಫೋನ್ ಮಾಡಿದರೆ ಅವನು ಯಾವ ಭಾಷೆಯಲ್ಲಿ ನಗಬೇಕು ಹೇಳಿ.

18 ತುಂಬುವುದು ನಿಮಗಿನ್ನೂ ದೂರ. ಆದರೂ ಕಿವಿಯ ಮೇಲೆ ಹಾಕಿಕೊಂಡಿರಿ. ಆಗ ಕಾನೂನಿನ ಪ್ರಕಾರ ನೀವು ತಾನಾಗಿಯೇ ಗಾರ್ಡಿಯನ್ ಆಗಿ ಮುಂದುವರಿಯಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಯ ಸಮಿತಿಗೆ ಅರ್ಜಿ ಕೊಡಬೇಕು. ನಾವು ಹೋದ ವರ್ಷ ಅದೇ ಓಡಾಟದಲ್ಲಿದ್ದೆವು. ದುಡಿಯಲಾಗದ ಮಗುವಿಗೆ ಜೀವನಪೂರ್ತಿ ಫ್ಯಾಮಿಲಿ ಪೆನ್ಷನ್ ಸಿಗುವ ಅವಕಾಶವೂ ಇದೆ. ಯಜಮಾನರು ಇರುವಾಗಲೇ ಪಿಪಿಒದಲ್ಲಿ (ಪೆನ್ಷನ್ ಆದೇಶ ಪತ್ರ) ಅವನ ಹೆಸರು ಸೇರಿಸಿಬಿಡಿ.

ಪ್ಯಾಕಿಂಗ್ ಬಗ್ಗೆ ಒಂದೇ ಮಾತು. ಅವನ ಸ್ಟೀಲ್ ತಟ್ಟೆ, ಹೊದಿಕೆ, ದಿಂಬು ಲಾರಿಗೆ ಹಾಕಬೇಡಿ, ಕೈಚೀಲದಲ್ಲಿ ಇಟ್ಟುಕೊಳ್ಳಿ. ನಮ್ಮ ಲಗೇಜ್ ಒಂಬತ್ತು ದಿನ ತಡವಾಗಿ ಬಂತು. ಬೇರೆ ತಟ್ಟೆಯಲ್ಲಿ ಅವನು ಒಂದು ತುತ್ತೂ ತಿನ್ನಲಿಲ್ಲ, ಅಷ್ಟೂ ದಿನ ಬಾಳೆಹಣ್ಣು, ಬಿಸ್ಕೆಟ್.